ಬೇವಿನಕಟ್ಟೆಯ ತಿರುವಿನಲ್ಲಿ

ಆ ಬೆಳಿಗ್ಗೆ ಮಂಜಿತ್ತು ಎಂದು ನಾನು ಹೇಳುತ್ತೇನೆ. ಅದೇ ಬಸ್ಸಿನಲ್ಲಿದ್ದ ಹುಡುಗಿಯರು, ಇಲ್ಲ ಮೇಡಂ, ಎಳೆಬಿಸಿಲು ಬಿದ್ದಿತ್ತು ಅನ್ನುತ್ತಾರೆ. ಅವರು ಬಹಳ ಜನ, ನಾನು ಒಬ್ಬಳು. ಅವರ ಮಾತೇ ನಿಜವಿರಬೇಕು. ಆದರೂ ನೆನೆಸಿಕೊಂಡಾಗಲೆಲ್ಲ ನನಗೆ ಬಸ್ಸಿನ ಮುಂದಿನ ಗಾಜಿನ ತುಂಬ ಬಿಳಿ ಕಾಣುತ್ತದೆ. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಯಾವುವು ಎಂದು ಗೊತ್ತಿದ್ದರೆ ತಿದ್ದಿಕೊಂಡೇ ಬರೆಯುತ್ತಿದ್ದೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ನಮ್ಮ ಮನೆ ಸುರಪುರದಲ್ಲಿ. ನಾನು ಪಾಠ ಮಾಡುವ ಕಾಲೇಜು ಯಾದಗಿರಿಯಲ್ಲಿ. ಕಲಿಸುವುದು ಸಂಖ್ಯಾಶಾಸ್ತ್ರ. ಕಾಲೇಜಿನ ಬಸ್ಸು ಬೆಳಿಗ್ಗೆ ಸುರಪುರದಿಂದ ಹೊರಟು, ಶಹಾಪುರದಲ್ಲಿ ಇನ್ನಷ್ಟು ಮಕ್ಕಳನ್ನು ಹತ್ತಿಸಿಕೊಂಡು, ಭೀಮಾ ನದಿಯ ಸೇತುವೆ ದಾಟಿ ಯಾದಗಿರಿ ಸೇರುತ್ತದೆ. ಅದನ್ನು ಓಡಿಸುತ್ತಿದ್ದವನು ನನ್ನ ಮಾಮಾ, ಅವ್ವನ ತಮ್ಮ. ಅರವತ್ತರ ಹತ್ತಿರದ ಮನುಷ್ಯ. ಹಿಂದೆ ಲಾರಿ ಓಡಿಸಿಕೊಂಡು ರಾಯಚೂರು, ಹೈದರಾಬಾದು ಅಂತ ತಿರುಗಿದವನು. ನಾನು ಕಾಲೇಜಿಗೆ ಸೇರುವುದಕ್ಕೂ ಮೊದಲೇ ಅವನು ಆ ಬಸ್ಸಿನಲ್ಲಿದ್ದ. ಮನೆಯಲ್ಲಿ ನನ್ನನ್ನು ‘ಯವ್ವಾ’ ಎಂದು ಕರೆಯುವವನು ಬಸ್ಸು ಹತ್ತಿದ ಕೂಡಲೇ ‘ಬರ್ರಿ ಮೇಡಮ್ಮಾರ’ ಅನ್ನುತ್ತಿದ್ದ. ಮಕ್ಕಳು ನಗುತ್ತಿದ್ದರು. ನನ್ನ ಜಾಗ ಬಾಗಿಲ ಪಕ್ಕದ ಮುಂದಿನ ಸೀಟು. ಅಲ್ಲಿಂದ ಅವನ ಮುಖದ ಎಡಬದಿ ಕಾಣುತ್ತಿತ್ತು.

ಶಹಾಪುರಕ್ಕೆ ಮುಂಚೆ, ಕಾಲುವೆಯ ನೀರು ಹರಿಯುವ ಗದ್ದೆಗಳ ನಡುವೆ ರಸ್ತೆ ಒಮ್ಮೆ ಬಲಕ್ಕೆ ಬಾಗುತ್ತದೆ. ಬಾಗಿದ ಜಾಗದಲ್ಲಿ ಎಡಕ್ಕೆ ಒಂದು ದೊಡ್ಡ ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯ ಒಂದು ಬದಿಗೆ ಕುಂಕುಮ ಬಳಿದ ಕಲ್ಲು, ಇನ್ನೊಂದು ಬದಿಗೆ ಹಸಿರು ಬಟ್ಟೆ ಹೊದಿಸಿದ ಸಣ್ಣ ಗದ್ದುಗೆ. ಒಂದೇ ದೀಪದ ಬಟ್ಟಲು ಎರಡಕ್ಕೂ. ಅಲ್ಲಿರುವವರು ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಚಿಕ್ಕವಳಿದ್ದಾಗ ಮಾಮಾನನ್ನು ಕೇಳಿದ್ದೆ.

‘ಆ ತಿರುವಿನ್ಯಾಗ ಬಾಳ ಮಂದಿ ಬಿದ್ದಾರ ಯವ್ವಾ. ಬಂಡಿಯವರು, ಸೈಕಲ್‌ನವರು, ಲಾರಿಯವರು. ಅದಕ್ಕ ಅಲ್ಲಿ ದೇವರು ಕುಂತಾನ.’

‘ಯಾವ ದೇವರು ಮಾಮಾ?’

‘ಬಿದ್ದವರ ದೇವರು.’

ಆ ದಾರಿಯಲ್ಲಿ ಗಾಡಿ ಓಡಿಸುವವರಿಗೆಲ್ಲ ಒಂದು ರೂಢಿಯಿದೆ. ಕಟ್ಟೆ ಬಂದಾಗ ಒಂದು ಸಣ್ಣ ಹಾರ್ನ್ ಹೊಡೆಯುತ್ತಾರೆ. ಬಲಗೈ ಎತ್ತಿ ಎದೆಗೆ, ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚುತ್ತಾರೆ. ಗಾಡಿ ನಿಲ್ಲಿಸುವುದಿಲ್ಲ. ಒಂದು ಗಾಡಿ ಮಾತ್ರ ನಿಲ್ಲುತ್ತದೆ: ವರ್ಷದ ಮೊದಲ ಹತ್ತಿಯನ್ನು ಮಾರಾಟಕ್ಕೆ ಒಯ್ಯುವವರದು. ಅವರು ಇಳಿದು ಕಾಯಿ ಒಡೆದು, ಒಂದು ಹಿಡಿ ಹತ್ತಿಯನ್ನು ಕಲ್ಲಿಗೂ ಗದ್ದುಗೆಗೂ ಇಟ್ಟು ಮುಂದೆ ಹೋಗುತ್ತಾರೆ. ಉಳಿದವರು ಹೋಗುತ್ತಲೇ ಕೈ ಮುಗಿಯುತ್ತಾರೆ. ಮಾಮಾ ಕೂಡ ಹಾಗೆಯೇ. ಅವನ ಹಿಂದೆ ಬಸ್ಸಿನ ತುಂಬ ಕೈಗಳು ಮೇಲೇಳುತ್ತಿದ್ದವು. ನನ್ನದೂ. ನನಗೆ ಅಷ್ಟು ಭಕ್ತಿಯಿದೆಯೋ ಇಲ್ಲವೋ ಗೊತ್ತಿಲ್ಲ. ಕೈ ಏಳುತ್ತಿತ್ತು.

ಬಸ್ಸಿಗೆ ಆ ಯಂತ್ರ ಬಂದದ್ದು ಒಂದು ಮಳೆಗಾಲದ ಕೊನೆಗೆ. ಬೇರೆ ಕಡೆ ಯಾವುದೋ ಕಾಲೇಜಿನ ಬಸ್ಸು ಕಾಲುವೆಗೆ ಇಳಿದ ಸುದ್ದಿ ಬಂದಿತ್ತು. ನಮ್ಮ ಮಕ್ಕಳ ತಂದೆತಾಯಂದಿರು ಪ್ರಾಚಾರ್ಯರ ಕೋಣೆಗೆ ಬಂದು ಕೂತರು. ನಮ್ಮ ಬಸ್ಸಿಗೆ ಏನು ಭರವಸೆ ಎಂದು ಕೇಳಿದರು. ಕಾಲೇಜಿನವರು ಕಲಬುರಗಿಯಿಂದ ಒಬ್ಬ ತಂತ್ರಜ್ಞನನ್ನು ಕರೆಸಿದರು. ಅವನು ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಅಂಟಿಸಿದ, ರಸ್ತೆ ನೋಡುವುದಕ್ಕೆ. ಸ್ಟೇರಿಂಗಿನ ಎದುರು ಇನ್ನೊಂದು ಇಟ್ಟ, ಡ್ರೈವರ್ ಮುಖ ನೋಡುವುದಕ್ಕೆ. ಮುಂದೆ ಯಾವುದಾದರೂ ತೀರ ಹತ್ತಿರ ಬಂದರೆ, ವೇಗ ಮೀರಿದರೆ, ಡ್ರೈವರ್ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಹೆಚ್ಚು ಹೊತ್ತು ಮುಚ್ಚಿದರೆ ಅದು ಕೀ ಕೀ ಎಂದು ಕೂಗುತ್ತಿತ್ತು. ಕೂಗಿದಾಗಲೆಲ್ಲ ಆ ಕ್ಷಣದ ಚಿಕ್ಕ ವಿಡಿಯೋ ಕಾಲೇಜಿನ ಕಚೇರಿಗೆ ಹೋಗುತ್ತಿತ್ತು. ಕೂಗದಿದ್ದರೆ ಅದು ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಈ ಕೊನೆಯ ಮಾತನ್ನು ಆಗ ಯಾರೂ ಗಮನವಿಟ್ಟು ಕೇಳಲಿಲ್ಲ.

ಮಕ್ಕಳು ಮೊದಲ ವಾರವೇ ಅದಕ್ಕೆ ‘ಅತ್ತಿ’ ಎಂದು ಹೆಸರಿಟ್ಟರು. ಹೊಸ ಸೊಸೆಯ ಮೇಲೆ ಕಣ್ಣಿಟ್ಟ ಅತ್ತೆಯ ಹಾಗೆ ಎಲ್ಲದಕ್ಕೂ ಬೈಯುತ್ತದೆ ಎಂದು.

‘ಡ್ರೈವರ್ ಮಾಮಾ, ಅತ್ತಿ ಸಿಟ್ಟಾದ್ಳು ನೋಡ್ರಿ.’

‘ಆಗ್ಲಿ ಬಿಡು. ಮನ್ಯಾಗ ಒಬ್ಬಾಕಿ ಬೈತಾಳ, ಇಲ್ಲಿ ಒಬ್ಬಾಕಿ. ಮನ್ಯಾಗಿನಾಕಿಗಿಂತ ಇಕಿ ವಾಸಿ, ಬೈದು ಸುಮ್ಮನಾಗ್ತಾಳ.’

ಶಹಾಪುರದ ಹತ್ತಿರ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ದಿನಾ ಅದನ್ನು ತೋರಿಸಿ ಕೇಳುತ್ತಿದ್ದಳು, ‘ಅಂವ ನೋಡ್ರಿ ಆರಾಮ ಕಣ್ಣು ಮುಚ್ಕೊಂಡು ಮಲಗ್ಯಾನ. ಅವಗ ಯಾಕ ಅತ್ತಿ ಏನೂ ಅನ್ನಂಗಿಲ್ಲ?’

‘ಅಂವ ಗಾಡಿ ಹೊಡಿಯಂಗಿಲ್ಲಲ್ಲ ತಂಗಿ.’

ಮಾಮಾ ಆ ಯಂತ್ರವನ್ನು ದ್ವೇಷಿಸಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ನಂತರ ನಡೆದದ್ದನ್ನು ಕೇಳಿದವರು ಹಳೆಯ ಡ್ರೈವರಿಗೂ ಹೊಸ ಯಂತ್ರಕ್ಕೂ ಜಗಳ ಎಂದು ತಿಳಿಯುತ್ತಾರೆ. ಹಾಗಿರಲಿಲ್ಲ. ಒಂದು ದಿನ ಬೆಳಿಗ್ಗೆ ಹಿಂದಿನ ಬೆಳೆಯ ಹತ್ತಿಕಟ್ಟಿಗೆ ಹೇರಿದ ಬಂಡಿಯೊಂದು ನಮ್ಮ ಮುಂದಿತ್ತು. ಬಂಡಿಗೆ ದೀಪವಿರಲಿಲ್ಲ, ಹಿಂದೆ ಒಂದು ಕೆಂಪು ಚಿಂದಿಯೂ ಇರಲಿಲ್ಲ. ಆ ದಿನ ಮಂಜು ಇತ್ತು. ಅದು ನಿಜವಾದ ಮಂಜು, ಎಲ್ಲರಿಗೂ ನೆನಪಿದೆ. ನಮಗಾರಿಗೂ ಬಂಡಿ ಕಾಣುವ ಮುಂಚೆ ಯಂತ್ರ ಕೂಗಿತು. ಮಾಮಾ ಬ್ರೇಕ್ ಒತ್ತಿದ. ಬಸ್ಸು ನಿಂತಾಗ ಕಟ್ಟಿಗೆಯ ತುದಿಗಳು ಗಾಜಿನ ಎದುರಿಗೇ ಇದ್ದವು. ಅವತ್ತು ಯಾದಗಿರಿಯಲ್ಲಿ ಇಳಿದ ಮೇಲೆ ಅವನು ತನ್ನ ಟವೆಲಿನಿಂದ ಆ ಕ್ಯಾಮೆರಾದ ಗಾಜು ಒರೆಸುವುದನ್ನು ನೋಡಿದೆ. ದಿನಾ ಒರೆಸತೊಡಗಿದ.

‘ನನಗಿಂತ ಮೊದಲ ನೋಡ್ತದ ಯವ್ವಾ. ನನ್ನ ಕಣ್ಣು ಮೊದಲಿನಂಗ ಇಲ್ಲ’ ಎಂದಿದ್ದ. ಎರಡನೆಯ ಮಾತು ನಿಜಕ್ಕೂ ಹೇಳಿದನೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ.

ತೊಂದರೆ ಬಂದದ್ದು ಕಟ್ಟೆಯಿಂದ. ಪ್ರತಿದಿನ ಅದೇ ಜಾಗದಲ್ಲಿ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಡ್ರೈವರ್ ಕಣ್ಣು ಮುಚ್ಚಿದ್ದಾನೆ ಎಂದು ಯಂತ್ರ ಕೂಗುತ್ತಿತ್ತು. ಪ್ರತಿ ಸಲ ಕಚೇರಿಗೆ ವಿಡಿಯೋ ಹೋಗುತ್ತಿತ್ತು. ಕಣ್ಣು ಮುಚ್ಚಿದ ಎಚ್ಚರಿಕೆ ಪದೇಪದೇ ಬಂದರೆ ಆ ಡ್ರೈವರನ್ನು ಸ್ಟೇರಿಂಗಿನಿಂದ ಇಳಿಸಬೇಕು ಎಂದು ತಂದೆತಾಯಂದಿರ ಎದುರು ಒಪ್ಪಿಕೊಂಡಾಗಿತ್ತು. ಮಾಮಾನನ್ನು ಪ್ರಾಚಾರ್ಯರ ಕೋಣೆಗೆ ಕರೆದರು. ಬಸ್ಸಿನಲ್ಲಿ ಬರುವ ಅಧ್ಯಾಪಕಿ ಎಂದು ನನ್ನನ್ನೂ ಕರೆದರು.

ಕೋಣೆಯಲ್ಲಿ ಪ್ರಾಚಾರ್ಯರು, ಬಸ್ಸಿನ ವ್ಯವಸ್ಥೆ ನೋಡುವ ಮ್ಯಾನೇಜರ್, ಕಲಬುರಗಿಯ ತಂತ್ರಜ್ಞ, ನಾನು ಮತ್ತು ಮಾಮಾ. ಮ್ಯಾನೇಜರ್ ಮನೆಯಲ್ಲಿ ದಖನಿ ಮಾತಾಡುವವರು, ಮಾಮಾನಿಗೆ ಹಳೆಯ ಪರಿಚಯ.

‘ಕ್ಯಾ ಚಾಚಾ’ ಎಂದರು ಮ್ಯಾನೇಜರ್ ನಗುತ್ತ, ‘ಗಾಡಿ ಹೊಡ್ಕೋತ ನಿದ್ದಿ ಮಾಡಾಕತ್ತೀರೇನು?’

‘ನಿದ್ದಿ ಅಲ್ರಿ. ಕಟ್ಟಿಗಿ ಕೈ ಮುಗಿಯೂದು. ನೀವು ಮುಗಿಯಂಗಿಲ್ಲೇನ್ರಿ?’

‘ನಾ ಮುಗೀತೀನಿ. ಆದ್ರ ನಾ ಹಿಂದ ಕುಂತಿರ್ತೀನಿ.’

‘ಗಾಡಿ ನಿಲ್ಸಿ ಮುಗದ್ರ ಆಗಂಗಿಲ್ಲೇನು?’ ಎಂದು ಪ್ರಾಚಾರ್ಯರು ಕೇಳಿದರು.

ಮಾಮಾ ತಲೆ ಅಲ್ಲಾಡಿಸಿದ. ‘ನಿಂತು ಮುಗದ್ರ ಅದು ಗುಡಿಗಿ ಹೋದಂಗಾತ್ರಿ ಸರ್. ಹೋಗ್ಕೋತ ಮುಗಿಯೂದು ದಾರಿಗಿ. ದಾರಿ ಮ್ಯಾಲ ಕಾಯೂ ಅಂತ. ಅದು ಬ್ಯಾರೆ, ಇದು ಬ್ಯಾರೆ.’ ಆಮೇಲೆ ದನಿ ತಗ್ಗಿಸಿ, ‘ಸ್ಟೇರಿಂಗ್ ಮಾತ್ರ ಬಿಡಸಬ್ಯಾಡ್ರಿ. ಹೊಲಾ ನೋಡ್ಕೊಂಡು ಇರು ಅಂತಾರ ಮನ್ಯಾಗ. ಹೊಲದಾಗ ನಿಂತ್ರ ನಾ ಯಾರಂತ ನನಗ ತಿಳಿಯಂಗಿಲ್ರಿ’ ಎಂದ.

ಆ ಕಟ್ಟೆಗೆ ಕೈ ಮುಗಿಯಬೇಡ ಎನ್ನುವ ಬಾಯಿ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಪ್ರಾಚಾರ್ಯರ ಮಗಳ ಮದುವೆಯ ಮೊದಲ ಪತ್ರಿಕೆ ಅಲ್ಲೇ ಇಟ್ಟಿದ್ದರು. ಮ್ಯಾನೇಜರ್ ಮನೆಯವರು ಪ್ರತಿ ವರ್ಷ ಗದ್ದುಗೆಗೆ ಚಾದರ ಕೊಡುತ್ತಾರೆ. ಕೊನೆಗೆ ಯಾರೋ ತಂತ್ರಜ್ಞನನ್ನು ಕೇಳಿದರು, ಆ ಜಾಗದಲ್ಲಿ ಮಾತ್ರ ಕೂಗದಂತೆ ಮಾಡಬಹುದೇ ಎಂದು. ಕೇಳಿದವರು ಮ್ಯಾನೇಜರ್ ಎಂದು ನನ್ನ ನೆನಪು. ಮ್ಯಾನೇಜರ್ ಈಗ, ಅದು ಪ್ರಾಚಾರ್ಯರ ಮಾತು ಅನ್ನುತ್ತಾರೆ.

ತಂತ್ರಜ್ಞ ಲ್ಯಾಪ್‌ಟಾಪ್ ತೆರೆದ. ನಕ್ಷೆಯಲ್ಲಿ ಆ ತಿರುವು ಹುಡುಕಿ ಅದರ ಸುತ್ತ ಒಂದು ಗೋಲ ಎಳೆದ. ‘ಬಸ್ಸು ಈ ಗೋಲದಾಗ ಬಂದ್ರ ಇದು ಸುಮ್ಮನಿರ್ತದ. ದಾಟಿದ ಮ್ಯಾಲ ಮತ್ತ ಚಾಲೂ ಆಗ್ತದ. ಆದ್ರ ಒಂದು ಮಾತು ಸರ್. ಕಣ್ಣಿಂದು ಒಂದೇ ಬಂದ್ ಮಾಡಾಕ ಬರಂಗಿಲ್ಲ. ಬಂದ್ ಅಂದ್ರ ಎಲ್ಲಾ ಬಂದ್.’

ಈ ಮಾತನ್ನು ನಾವೆಲ್ಲ ಕೇಳಿದೆವು. ಅದೇ ಹೊತ್ತಿಗೆ ಚಹಾ ಬಂತು. ನಾನು ಆಗ ಏನಾದರೂ ಹೇಳಿದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ‘ಗೋಲ ಸಣ್ಣದು ಹಾಕ್ರಿ’ ಎಂದು ನೀವು ಹೇಳಿದಿರಿ ಮೇಡಂ ಎಂದು ಪ್ರಾಚಾರ್ಯರು ಆಮೇಲೆ ಒಮ್ಮೆ ಅಂದರು. ಹೇಳಿರಬಹುದು. ನನಗೆ ನೆನಪಿರುವುದು ಮಾಮಾನ ಮುಖ ಸಡಿಲವಾದದ್ದು, ಅವನು ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದ್ದು. ಅಷ್ಟು ಕಲಿತವರು ಕೂತಿದ್ದೆವು. ಆ ಕಟ್ಟೆ ಅಲ್ಲಿ ಹುಟ್ಟಿದ್ದೇ ಆ ತಿರುವಿನಲ್ಲಿ ಜನ ಬೀಳುತ್ತಾರೆಂದು, ಇಡೀ ದಾರಿಯಲ್ಲಿ ಯಂತ್ರ ಕೂಗಬೇಕಾದ ಜಾಗ ಒಂದಿದ್ದರೆ ಅದೇ ಎಂದು ಯಾರಿಗೂ ಹೊಳೆಯಲಿಲ್ಲ. ದೇವರಿಗೆ ಮರ್ಯಾದೆ ಕೊಟ್ಟೆವು ಎಂದುಕೊಂಡು ಎದ್ದು ಬಂದೆವು.

ಮರುದಿನದಿಂದ ಕಟ್ಟೆಯ ಹತ್ತಿರ ಬಸ್ಸು ಮೊದಲಿನ ಹಾಗೆ ಯಂತ್ರದ ಕೂಗಿಲ್ಲದೆ ಹೋಗತೊಡಗಿತು. ಮಕ್ಕಳು, ‘ಅತ್ತಿನೂ ಕೈ ಮುಗ್ಯಾಕತ್ತಾಳ’ ಅಂದರು. ಎಲ್ಲರೂ ನಕ್ಕೆವು.

ಆಮೇಲೆ ಹತ್ತಿ ಬಿಡಿಸುವ ಕಾಲ ಬಂತು.

ಆ ಬೆಳಿಗ್ಗೆ ನನ್ನ ತೊಡೆಯ ಮೇಲೆ ಉತ್ತರಪತ್ರಿಕೆಗಳಿದ್ದವು. ಹಿಂದಿನ ಸೀಟುಗಳಲ್ಲಿ ಯಾರದೋ ಫೋನಿನಲ್ಲಿ ಹಾಡು. ಬಸ್ಸು ಕಟ್ಟೆಯ ತಿರುವಿಗೆ ಬಂತು. ಸಣ್ಣ ಹಾರ್ನ್ ಕೇಳಿಸಿತು. ನಾನು ತಲೆ ಎತ್ತಿದೆ. ಮಾಮಾನ ಬಲಗೈ ಎದೆಯಿಂದ ಹಣೆಗೆ ಹೋಯಿತು. ಕಣ್ಣು ಮುಚ್ಚಿತ್ತು. ಮರದ ಆಚೆ, ರಸ್ತೆಯ ಮೇಲೆ ಅರ್ಧ ಬಂದು, ಹತ್ತಿ ತುಂಬಿದ ಟ್ರಾಕ್ಟರಿನ ಟ್ರೇಲರ್ ನಿಂತಿತ್ತು.

ಇದು ನಾನು ಎಲ್ಲರಿಗೂ ಹೇಳಿದ್ದು. ಮುಂದಿನದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಮಾಮಾ ಸ್ಟೇರಿಂಗನ್ನು ಬಲಕ್ಕೆ ಎಳೆದ. ಬಸ್ಸಿನ ಎಡ ಮೂಲೆ ಟ್ರೇಲರಿಗೆ ತಗುಲಿತು. ಹತ್ತಿಗೆ ಹೊದಿಸಿದ್ದ ಬಲೆ ಹರಿದು ಹತ್ತಿ ಹಾರಿತು. ಬಸ್ಸು ರಸ್ತೆ ದಾಟಿ ಆಚೆಯ ಗದ್ದೆಗೆ ಇಳಿಯಿತು. ಭತ್ತ ಕೊಯ್ದಾಗಿತ್ತು, ಮಣ್ಣು ಇನ್ನೂ ಹಸಿ ಇತ್ತು. ಗಾಲಿಗಳು ಹೂತುಹೋಗಿ ಬಸ್ಸು ವಾಲಿ ನಿಂತಿತು. ಎರಡನೆಯ ಸೀಟಿನಲ್ಲಿದ್ದ ಹುಡುಗಿಯೊಬ್ಬಳ ಮಣಿಕಟ್ಟು ಮುರಿಯಿತು. ಮಲಗಿದ ಬುದ್ಧನನ್ನು ತೋರಿಸುತ್ತಿದ್ದವಳೇ ಆಕೆ. ಉಳಿದವರಿಗೆ ತರಚು ಗಾಯ. ಟ್ರಾಕ್ಟರ್ ತಂದಿದ್ದ ಅಣ್ಣತಮ್ಮಂದಿರಿಬ್ಬರು ಆಗ ಕಟ್ಟೆಯ ಮೇಲಿದ್ದರು, ವರ್ಷದ ಮೊದಲ ಹತ್ತಿಗೆ ಕಾಯಿ ಒಡೆಯುತ್ತ. ಒಬ್ಬನ ಕೈಯಲ್ಲಿ ಇನ್ನೂ ಅರ್ಧ ಕಾಯಿಯಿತ್ತು. ಅದನ್ನು ಹಿಡಿದುಕೊಂಡೇ ಓಡಿಬಂದು ಮಕ್ಕಳನ್ನು ಇಳಿಸಿದ. ನಾವು ಇನ್ನೂ ಇಳಿಯುತ್ತಿರುವಾಗಲೇ ಎದುರಿನಿಂದ ಒಂದು ಲಾರಿ ಬಂತು, ಸಣ್ಣ ಹಾರ್ನ್ ಹೊಡೆದು ತಿರುವು ದಾಟಿತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಅವತ್ತು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಯಂತ್ರ ಕೂಗಿರಲಿಲ್ಲ. ನಾವು ಎಳೆದ ಗೋಲದ ನಡುವೆ ಬಸ್ಸು ಇತ್ತು. ರೆಪ್ಪೆಯನ್ನೂ ಅದು ನೋಡಲಿಲ್ಲ, ಟ್ರೇಲರನ್ನೂ ನೋಡಲಿಲ್ಲ. ನೋಡಿರಲೂಬಹುದು. ಕೂಗಬೇಡ ಎಂದು ಹೇಳಿದ್ದೆವು, ಕೂಗಲಿಲ್ಲ, ಉಳಿಸಿಕೊಳ್ಳಲೂ ಇಲ್ಲ.

ಗಾಜಿನ ಮೇಲೆಲ್ಲ ಹತ್ತಿ ಅಂಟಿತ್ತು. ನನ್ನ ನೆನಪಿನ ಮಂಜು ಬಹುಶಃ ಅದೇ. ಹತ್ತಿ ಹಾರಿದ್ದು ಆಮೇಲೆ, ನನ್ನ ನೆನಪು ಅದನ್ನು ಮೊದಲಿಗೆ ತಂದಿಟ್ಟುಕೊಂಡಿದೆ. ಇದು ಹೊಳೆದ ದಿನ ನನಗೆ ಹೆದರಿಕೆಯಾಯಿತು. ಬಿಳಿಯನ್ನು ಹಿಂದುಮುಂದು ಮಾಡಿದ ನೆನಪು, ಆ ಕೈಯನ್ನು ಏನು ಮಾಡಿದೆಯೋ?

ಮರುದಿನ ಪ್ರಾಚಾರ್ಯರು ನಮ್ಮನ್ನು ಮತ್ತೆ ಅದೇ ಕೋಣೆಗೆ ಕರೆದರು. ಮಾಮಾನ ಹಣೆಗೆ ಪಟ್ಟಿ ಹಾಕಿದ್ದರು. ಅವನು ಕೂರಲಿಲ್ಲ, ಗೋಡೆಗೆ ಒರಗಿ ನಿಂತಿದ್ದ.

‘ಮೇಡಂ, ನೀವು ಮುಂದಿನ ಸೀಟಿನ್ಯಾಗ ಇದ್ರಿ’ ಎಂದರು ಪ್ರಾಚಾರ್ಯರು. ‘ಒಂದು ಹೇಳ್ರಿ. ಅಂವ ಕೈ ಮುಗದಿದ್ನೋ, ತೂಕಡಿಸಿದ್ನೋ? ಕೈ ಮುಗದಿದ್ರ ಅದು ನಮ್ಮೆಲ್ಲರ ತಪ್ಪು, ನಾವ ಅದನ್ನ ಬಂದ್ ಮಾಡಿಸೀವಿ. ತೂಕಡಿಸಿದ್ರ ಅಂವ ಇನ್ನ ಬಸ್ಸು ಹತ್ತಂಗಿಲ್ಲ.’

‘ಕೈ ಎತ್ತಿದ್ದ ಸರ್’ ಎಂದೆ.

ತಡವರಿಸಲಿಲ್ಲ. ನನಗೆ ಕೈ ಕಾಣುತ್ತಿತ್ತು, ಈಗಲೂ ಕಾಣುತ್ತದೆ. ಅದಕ್ಕೇ ಅದು ಸುಳ್ಳಲ್ಲ. ಮಾಮಾನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿದ್ದ. ಕೃತಜ್ಞತೆಯ ನೋಟ ಎಂದು ಆಗ ಅಂದುಕೊಂಡೆ. ಈಗ ಕೇಳಿದರೆ, ಆ ನೋಟದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಎಂದೇ ಹೇಳಬೇಕು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ‘ಹುಡುಗಿ ಕೈ ಹೆಂಗದ್ರಿ?’ ಎಂದು ಮಾತ್ರ ಮ್ಯಾನೇಜರನ್ನು ಕೇಳಿದ.

ಮಾಮಾನನ್ನು ಸ್ಟೇರಿಂಗಿನಿಂದ ಇಳಿಸಲಿಲ್ಲ. ಬಸ್ಸು ದುರಸ್ತಿಗೆ ಹೋಯಿತು. ತಂತ್ರಜ್ಞ ಮತ್ತೆ ಬಂದು ಗೋಲ ಅಳಿಸಿದ.

ಬಸ್ಸು ದುರಸ್ತಿಯಾಗಿ ಬರುವ ಮುಂಚಿನ ದಿನಗಳಲ್ಲಿ ಒಂದು ಸಂಜೆ ಮಾಮಾನ ಮನೆಗೆ ಹೋಗಿದ್ದೆ. ಅವನು ಪೇಟೆಗೆ ಹೋಗಿದ್ದ. ಅವನ ಹೆಂಡತಿ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾನೂ ಮೊರ ಹಿಡಿದು ಕೂತೆ. ಬಸ್ಸಿನ ಮಾತು ಬಂತು, ಬೀಗರ ಮಾತು ಬಂತು. ನಡುವೆ ಅವಳು ಹೇಳಿದಳು:

‘ಬಿ.ಪಿ. ಗುಳಿಗಿ ಬದಲ ಮಾಡ್ಯಾರಲ್ಲ, ಆವಾಗಿಂದ ಮುಂಜಾನಿ ನಾಷ್ಟಾ ಮಾಡಿದ್ರ ಸಾಕು, ಕುಂತಲ್ಲೇ ತೂಕಡಸ್ತಾರ. ಎಬ್ಬಿಸಿ ಬಸ್ಸಿಗಿ ಕಳಸಬೇಕಾಗಿತ್ತು.’

‘ಯಾವಾಗ ಬದಲ ಮಾಡ್ಯಾರ?’

‘ಹತ್ತಿ ಬಿಡ್ಸೂ ಹೊತ್ತಿನ್ಯಾಗ. ಅದಕ್ಕಿಂತ ಮೊದಲೋ, ಆಮ್ಯಾಲೋ. ಯಾಕ?’

‘ಏನಿಲ್ಲ ಸುಮ್ನ ಕೇಳ್ದೆ.’

ಅವಳು ನನ್ನ ಮುಖ ನೋಡಿ, ಮೊರದಿಂದ ಒಂದು ಹರಳು ಆರಿಸಿ ಎಸೆದಳು.

ಅಂದಿನಿಂದ ನನ್ನ ಕಣ್ಣೆದುರಿನ ಕೈಯನ್ನು ಪರೀಕ್ಷಿಸುತ್ತ ಬಂದಿದ್ದೇನೆ. ನನ್ನ ಸೀಟು ಎಡಕ್ಕೆ. ಮಾಮಾ ಎತ್ತುವುದು ಬಲಗೈ. ಅದು ಅವನ ಮುಖದ ಆಚೆ ಬದಿಗೆ ಏಳುತ್ತದೆ. ನನಗೆ ಕಾಣುವುದು ಬೆರಳುಗಳ ತುದಿ ಮಾತ್ರ, ಹಣೆ ಮುಟ್ಟುವಾಗ. ಆದರೆ ನೆನಪಿನಲ್ಲಿ ಇಡೀ ಕೈ ಕಾಣುತ್ತದೆ, ಮಣಿಕಟ್ಟಿನ ದಾರದ ಸಮೇತ. ಅಷ್ಟು ಸ್ಪಷ್ಟವಾಗಿ ಆ ಸೀಟಿನಿಂದ ಯಾರಿಗೂ ಕಾಣದು. ವರ್ಷಗಟ್ಟಲೆ ಪ್ರತಿದಿನ ಎದ್ದ ಕೈ ಅದು. ಅಷ್ಟೂ ಬೆಳಗುಗಳ ಕೈ ಸೇರಿ ಆ ಒಂದು ಬೆಳಗಿನ ಮೇಲೆ ಬಂದು ಕೂತಿರಬಹುದೇ? ಕಣ್ಣಿಗೆ ಬೀಳದ್ದನ್ನು ರೂಢಿ ತುಂಬಿಕೊಟ್ಟಿರಬಹುದೇ? ಹಾರ್ನ್ ಕೇಳಿಸಿದ್ದು ನಿಜವೇ, ಅಥವಾ ಅದು ಆಮೇಲೆ ಬಂದ ಲಾರಿಯದೇ? ನನ್ನ ದಿನಚರಿಯಲ್ಲಿ ‘ಮಾಮಾ ಕೈ ಎತ್ತಿದ್ದ’ ಎಂದಿದೆ. ಆದರೆ ಅದನ್ನು ಬರೆದದ್ದು ಪ್ರಾಚಾರ್ಯರಿಗೆ ಹೇಳಿಬಂದ ಸಂಜೆ. ಅದು ನೋಡಿದ್ದಕ್ಕೆ ಸಾಕ್ಷಿಯಲ್ಲ, ಹೇಳಿದ್ದಕ್ಕೆ ಸಾಕ್ಷಿ.

ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ, ಒಂದೇ ಸಂಗತಿಯನ್ನು ಹೆಚ್ಚು ಸಲ ನೋಡಿದಷ್ಟೂ ನಮ್ಮ ಅಂದಾಜು ಗಟ್ಟಿಯಾಗುತ್ತದೆ ಎಂದು. ಅದು ಸರಿಯೇ. ನಾಳೆ ಆ ಕೈ ಏಳುತ್ತದೆಯೇ ಎಂದು ಕೇಳಿದರೆ ಏಳುತ್ತದೆ ಎಂದು ಧೈರ್ಯವಾಗಿ ಹೇಳಬಹುದಿತ್ತು. ಅವತ್ತು ಎದ್ದಿತ್ತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆ ಒಂದು ಬೆಳಿಗ್ಗೆಯೇ ಉತ್ತರ ಕೊಡಬೇಕು, ಅದರ ವಿಡಿಯೋ ಯಾರ ಹತ್ತಿರವೂ ಇಲ್ಲ.

ದುರಸ್ತಿಯಾಗಿ ಬಂದ ಬಸ್ಸಿನಲ್ಲಿ ಮೊದಲ ದಿನ ಕಟ್ಟೆ ಹತ್ತಿರ ಬಂದಾಗ ಎಲ್ಲರೂ ಮಾತು ನಿಲ್ಲಿಸಿದರು. ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡ ಹುಡುಗಿಯೂ ಇದ್ದಳು. ಮಾಮಾ ವೇಗ ತಗ್ಗಿಸಿದ. ಹಾರ್ನ್ ಹೊಡೆದ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು. ಕಣ್ಣು ರಸ್ತೆಯ ಮೇಲಿತ್ತು. ಕಟ್ಟೆಯ ಕಡೆ ತಿರುಗಲಿಲ್ಲ. ಯಂತ್ರ ಸುಮ್ಮನಿತ್ತು. ಹಿಂದೆ ಕೆಲವರು ಕೈ ಎತ್ತಿ, ಅವನು ಎತ್ತದಿರುವುದನ್ನು ನೋಡಿ, ಅರ್ಧಕ್ಕೇ ಇಳಿಸಿದರು. ಮರುದಿನವೂ ಹಾಗೆಯೇ. ಆ ಇಡೀ ಚಳಿಗಾಲ ಹಾಗೆಯೇ. ಅವನಿಗೆ ತಮಾಷೆಯ ಮಾತುಗಳೂ ಕಡಿಮೆಯಾದವು. ‘ಬರ್ರಿ ಮೇಡಮ್ಮಾರ’ ಮಾತ್ರ ಉಳಿಯಿತು.

ಬೇಸಿಗೆ ರಜೆ ಮುಗಿದು ಕಾಲೇಜು ತೆರೆದಾಗ ಡ್ರೈವರ್ ಸೀಟಿನಲ್ಲಿ ಗುರುಮಠಕಲ್ ಕಡೆಯ ಒಬ್ಬ ತರುಣನಿದ್ದ, ತೆಲುಗು ಬೆರೆತ ಕನ್ನಡದವನು. ಮಾಮಾ ಬಾಗಿಲಲ್ಲಿ ನಿಂತಿದ್ದ, ಮಕ್ಕಳನ್ನು ಹತ್ತಿಸುತ್ತ. ತಾನೇ ಮ್ಯಾನೇಜರ್ ಹತ್ತಿರ ಹೋಗಿ, ಕ್ಲೀನರ್ ಕೆಲಸ ಕೊಡ್ರಿ, ಸ್ಟೇರಿಂಗ್ ಸಾಕು ಎಂದನಂತೆ. ಯಾಕೆ ಎಂದು ಮ್ಯಾನೇಜರ್ ಕೇಳಿದ್ದಕ್ಕೆ, ‘ವಯಸ್ಸಾತು’ ಎಂದನಂತೆ. ಹೊಲದಲ್ಲಿ ನಿಂತರೆ ತಾನು ಯಾರೆಂದು ತಿಳಿಯುವುದಿಲ್ಲ ಎಂದಿದ್ದ ಮನುಷ್ಯ. ಬಾಗಿಲಲ್ಲಿ ನಿಂತರೆ ತಿಳಿಯುತ್ತದೆಯೇ ಎಂದು ನಾನು ಕೇಳಲಿಲ್ಲ.

ಹೊಸ ಡ್ರೈವರಿಗೆ ಕಟ್ಟೆಯ ವಿಷಯ ಗೊತ್ತಿರಲಿಲ್ಲ. ಮೊದಲ ದಿನ ಬಸ್ಸು ತಿರುವಿಗೆ ಬರುತ್ತಿದ್ದಂತೆ ಮಾಮಾ ಬಾಗಿಲ ಹೊರಗೆ ಕೈ ಚಾಚಿ ಬಸ್ಸಿನ ತಗಡಿಗೆ ಧಡ್ ಧಡ್ ಎಂದು ಬಡಿದ. ನಿಧಾನ ಮಾಡು ಎನ್ನಲು ಕ್ಲೀನರುಗಳು ಹಾಗೆ ಬಡಿಯುತ್ತಾರೆ. ತರುಣ ಬ್ರೇಕ್ ಒತ್ತಿದ, ಬಸ್ಸು ಮೆಲ್ಲಗೆ ತಿರುಗಿತು.

‘ಏನೈತಿ ತಾತಾ ಇಲ್ಲಿ?’ ಎಂದು ಕೇಳಿದ.

‘ನೀ ಮುಂದ ನೋಡಪಾ. ಮುಂದ ನೋಡಿ ಹೊಡಿ. ಇಲ್ಲಿಂದು ನಾ ನೋಡ್ಕೋತೀನಿ.’

ತಿರುವು ದಾಟಿ ರಸ್ತೆ ನೇರವಾದ ಮೇಲೆ ಮಾಮಾ ಹಿಂತಿರುಗಿ ಮರದ ಕಡೆ ನೋಡಿದ. ಬಾಗಿಲ ಸರಳಿಗೆ ಮೈ ಒರಗಿಸಿ ಎರಡೂ ಕೈ ಜೋಡಿಸಿದ. ಕಣ್ಣು ಮುಚ್ಚಿಕೊಂಡ. ಒಂದು ಉಸಿರಿಗಿಂತ ಬಹಳ ಹೆಚ್ಚು ಹೊತ್ತು ಮುಚ್ಚಿಕೊಂಡಿದ್ದ. ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಈ ಸಲ ಎಲ್ಲವೂ ಸರಿಯಾಗಿ ಕಾಣಿಸಿತು. ಅವನನ್ನು ನೋಡುವ ಕ್ಯಾಮೆರಾ ಬಾಗಿಲಲ್ಲಿ ಇರಲಿಲ್ಲ.

ಈಗ ಅದೇ ರೂಢಿಯಾಗಿದೆ. ತಿರುವಿಗೆ ಮುಂಚೆ ತಗಡಿನ ಮೇಲೆ ಎರಡು ಬಡಿತ, ಬಸ್ಸು ನಿಧಾನ, ದಾಟಿದ ಮೇಲೆ ಕೈ. ಯಂತ್ರ ತನ್ನ ಕೆಲಸ ಮಾಡುತ್ತದೆ. ಮೊನ್ನೆ ಆ ತಿರುವಿನಲ್ಲೇ ಎಮ್ಮೆಯೊಂದು ಅಡ್ಡ ಬಂದಾಗ ಮಾಮಾನ ಬಡಿತವೂ ಯಂತ್ರದ ಕೂಗೂ ಒಟ್ಟಿಗೇ ಕೇಳಿಸಿದವು. ಮಕ್ಕಳು, ‘ಅತ್ತಿ ಮಾಮಾ ಇಬ್ರೂ ಒಂದಾದ್ರು’ ಎಂದರು. ಮಾಮಾ ಬಹಳ ದಿನಗಳ ಮೇಲೆ ನಕ್ಕ.

ನಕ್ಕದ್ದು ನೋಡಿ ನನಗೆ ಧೈರ್ಯ ಬಂತೋ ಏನೋ. ಶಹಾಪುರದಲ್ಲಿ ಬಸ್ಸು ನಿಂತಾಗ ಇಳಿದೆ. ಅವನು ಮುಂದೆ ಹೋಗಿ ಟವೆಲಿನಿಂದ ಗಾಜಿನ ಧೂಳು ಒರೆಸುತ್ತಿದ್ದ, ಕ್ಯಾಮೆರಾ ಇರುವ ಜಾಗವನ್ನು ಎರಡೆರಡು ಸಲ. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ನಮ್ಮ ಸುತ್ತ ಯಾರೂ ಇರಲಿಲ್ಲ. ನಾನು ಕೇಳಿದೆ. ಅವನಿಗೆ ಕೇಳಿಸಿತು, ಏಕೆಂದರೆ ಟವೆಲು ಗಾಜಿನ ಮೇಲೆ ನಿಂತಿತು. ಆಮೇಲೆ ಮತ್ತೆ ಒರೆಸಿದ. ‘ಹತ್ತ್ರಿ ಮೇಡಮ್ಮಾರ, ಟೈಮಾತು’ ಎಂದ. ಇವತ್ತಿನವರೆಗೆ ಅಷ್ಟೇ. ನಾನು ಮತ್ತೆ ಕೇಳಿಲ್ಲ, ಅವನು ಮರೆತಿಲ್ಲ. ದಿನಾ ಬೆಳಿಗ್ಗೆ ಅದೇ ಬಾಗಿಲು, ಅದೇ ಸೀಟು. ತಗಡಿನ ಮೇಲೆ ಎರಡು ಬಡಿತ ಬಿದ್ದಾಗ ನಾನು ಕೇಳಿದ್ದು ನನಗೇ ಮತ್ತೆ ಕೇಳಿಸುತ್ತದೆ:

‘ಮಾಮಾ, ಅವತ್ತು ನಿನ್ನ ಕೈ ಖರೇನ ಮ್ಯಾಲಿತ್ತೇನು?’